ಡಿಸ್ಕ್ ಕಾಣುತ್ತಿಲ್ಲ ಎಂದಾಗ



ಕಂಪ್ಯೂಟರಿಗೆ ಹೊಸದಾಗಿ ವಿಂಡೋಸನ್ನೋ ಲಿನಕ್ಸನ್ನೋ ಹಾಕಲು ಕೂತಿದ್ದೀರಿ ಎಂದುಕೊಳ್ಳಿ. ಪೆನ್‌ಡ್ರೈವ್ ಸಿಕ್ಕಿಸಿದ್ದಾಯಿತು, ಭಾಷೆ ಆರಿಸಿದ್ದಾಯಿತು, ಷರತ್ತುಗಳಿಗೆ ಒಪ್ಪಿದ್ದೂ ಆಯಿತು. ಎಲ್ಲಿಗೆ ಹಾಕಲಿ ಎಂದು ಕೇಳುವ ಪರದೆ ಬರುತ್ತದೆ. ಅಲ್ಲಿ ನಿಮ್ಮ ಡಿಸ್ಕಿನ ಹೆಸರು, ಅದು ಎಷ್ಟು ಜಿಬಿಯದು ಎಂಬ ವಿವರ ಇರಬೇಕಿತ್ತು. ಪಟ್ಟಿ ಮಾತ್ರ ಖಾಲಿ. ಕೆಳಗೆ ಒಂದು ಸಾಲು: ಯಾವ ಡ್ರೈವೂ ಸಿಗಲಿಲ್ಲ. ಇವತ್ತು ನಾನು ಮಾತಾಡುವುದು ಈ ಒಂದು ಪರದೆಯ ವಿಚಾರ.

ನಮ್ಮ ಹೆಮ್ಮಿಗೆಯಂಥ ಹಳ್ಳಿಯವರಿಗೆ ಇದು ಸಣ್ಣ ವಿಚಾರವಲ್ಲ. ಸಿಸ್ಟಂ ಕೆಟ್ಟರೆ ಅದನ್ನು ಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಟಿ. ನರಸೀಪುರಕ್ಕೋ ನಂಜನಗೂಡಿಗೋ, ಅಲ್ಲಿಯೂ ಆಗದಿದ್ದರೆ ಮೈಸೂರಿಗೋ ಹೋಗಬೇಕು. ಹೋದ ಕಡೆ ಅವಸರದಲ್ಲಿ ನೋಡಿ, ‘ಹಾರ್ಡ್‌ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ’ ಎಂದುಬಿಟ್ಟರೆ ಸಾವಿರಾರು ರೂಪಾಯಿಯ ಮಾತು. ಹೊಸದನ್ನು ಹಾಕಿದ ಮೇಲೂ ಅದೇ ಖಾಲಿ ಪಟ್ಟಿ ಬಂದರೆ, ‘ಬೋರ್ಡೇ ಹೋಗಿದೆ’ ಎಂಬ ತೀರ್ಮಾನ. ಚೆನ್ನಾಗಿರುವ ಯಂತ್ರ ಗುಜರಿ ಪಾಲಾಗುತ್ತದೆ. ಹಳೆಯ ಡಿಸ್ಕಿನೊಳಗಿದ್ದ ಮಕ್ಕಳ ಫೋಟೊ, ಸಂಘದ ಲೆಕ್ಕ, ಪ್ರಾಜೆಕ್ಟ್ ವರದಿ ಅದರ ಹಿಂದೆಯೇ ಹೋಗುತ್ತವೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಕಾಣದಿದ್ದರೆ ಡಿಸ್ಕ್ ಸತ್ತಿದೆ ಎಂದು ಅರ್ಥವಲ್ಲ. ಅದನ್ನು ಮಾತಾಡಿಸುವ ಡ್ರೈವರ್ ಆ ಪೆನ್‌ಡ್ರೈವಿನಲ್ಲಿ ಇಲ್ಲದೆ ಹೋಗಿರಬಹುದು. ಡಿಸ್ಕನ್ನು ದೂರುವ ಮೊದಲು ಡ್ರೈವರ್ ಇದೆಯೇ ಎಂದು ನೋಡಬೇಕು.

ಡ್ರೈವರ್ ಎಂದರೇನು? ಮಾಧವಮಂತ್ರಿ ಕಟ್ಟೆಯ ನಾಲೆಯ ನೀರು ಕಂಡ ನಮ್ಮ ಕಡೆಯವರಿಗೆ ಹೀಗೆ ಹೇಳಿದರೆ ತಿಳಿದೀತು. ನಾಲೆಯಲ್ಲಿ ನೀರಿದೆ, ಗದ್ದೆಯಲ್ಲಿ ಪೈರಿದೆ, ನಡುವೆ ತೂಬಿದೆ. ತೂಬನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದು ಗೊತ್ತಿರುವವನು ನೀರಗಂಟಿ. ಡಿಸ್ಕಿನಲ್ಲಿರುವ ಮಾಹಿತಿ ನಾಲೆಯ ನೀರು. ಮದರ್‌ಬೋರ್ಡಿನ ಮೇಲಿರುವ ಕಂಟ್ರೋಲರ್ ಎಂಬ ಚಿಪ್ಪು ಆ ತೂಬು. ಅದನ್ನು ಎತ್ತಿ ಇಳಿಸುವುದನ್ನು ಬಲ್ಲ ಚಿಕ್ಕ ಪ್ರೋಗ್ರಾಮೇ ಡ್ರೈವರ್. ತೂಬಿನ ಮಾದರಿ ಬದಲಾಗಿ ನೀರಗಂಟಿಗೆ ಅದರ ಪರಿಚಯವಿಲ್ಲದಿದ್ದರೆ ನಾಲೆ ತುಂಬಿ ಹರಿಯುತ್ತಿದ್ದರೂ ಗದ್ದೆಗೆ ಹನಿ ನೀರು ಬರುವುದಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಡ್ರೈವರ್ ಇಲ್ಲದೆ ಕಂಪ್ಯೂಟರ್ ಅಷ್ಟು ದೂರವಾದರೂ ಬಂದದ್ದು ಹೇಗೆ? ಸ್ವಿಚ್ ಹಾಕಿದ ಕೂಡಲೇ ಎಚ್ಚರಾಗುವುದು ಬೋರ್ಡಿನೊಳಗೇ ಇರುವ ಬಯೋಸ್. ಅದಕ್ಕೆ ತನ್ನ ಬೋರ್ಡಿನ ಕಂಟ್ರೋಲರ್ ಗೊತ್ತು, ಡಿಸ್ಕನ್ನೂ ಪೆನ್‌ಡ್ರೈವನ್ನೂ ಓದಲು ಬರುತ್ತದೆ. ಆರಂಭದ ಕೆಲವು ಕ್ಷಣ ಅದರ ನೆರವಿನಲ್ಲೇ ಎಲ್ಲವೂ ನಡೆಯುತ್ತದೆ. ಆಮೇಲೆ ವಿಂಡೋಸ್ ಅಥವಾ ಲಿನಕ್ಸಿನ ತಿರುಳು (ಕರ್ನೆಲ್) ಕೆಲಸವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಡಿಸ್ಕನ್ನು ಓದಲು ಅದಕ್ಕೆ ತನ್ನದೇ ಡ್ರೈವರ್ ಬೇಕು. ಎಡವಟ್ಟಾಗುವುದು ಈ ಕೈ ಬದಲಾಗುವ ಜಾಗದಲ್ಲಿ. ಪರೀಕ್ಷೆಯ ಮೊದಲ ಹೆಜ್ಜೆಯೂ ಇಲ್ಲೇ ಇದೆ. ಕಂಪ್ಯೂಟರ್ ಆನ್ ಮಾಡಿದೊಡನೆ ಎಫ್2 ಅಥವಾ ಡಿಲೀಟ್ ಕೀ ಒತ್ತಿ ಬಯೋಸಿನೊಳಗೆ ಹೋಗಿ. ಕೆಲವು ಕಂಪನಿಗಳಲ್ಲಿ ಎಫ್10 ಇರುತ್ತದೆ. ಅಲ್ಲಿ ಡಿಸ್ಕಿನ ಹೆಸರೂ ಮಾದರಿಯೂ ಕಾಣುತ್ತಿದ್ದರೆ ಡಿಸ್ಕ್ ಮಾತಾಡುತ್ತಿದೆ, ನೀವು ಹುಡುಕಬೇಕಾದ್ದು ಡ್ರೈವರನ್ನು. ಅಲ್ಲಿಯೂ ಕಾಣದಿದ್ದರೆ ಕೇಬಲ್ ನೋಡಿ, ಡಿಸ್ಕನ್ನು ಬಿಚ್ಚಿ ಮತ್ತೆ ಕೂರಿಸಿ. ಎಂ.2 ಎಂಬ ಚಪ್ಪಟೆ ಎಸ್‌ಎಸ್‌ಡಿಗಳಲ್ಲಿ ಸಾಟಾ ಜಾತಿಯದು ಬೇರೆ, ಎನ್‌ವಿಎಂಇ ಜಾತಿಯದು ಬೇರೆ. ನೋಡಲು ಎರಡೂ ಹೆಚ್ಚು ಕಡಿಮೆ ಒಂದೇ ತರಹ. ಒಂದನ್ನು ಮಾತ್ರ ಒಪ್ಪುವ ಸ್ಲಾಟಿಗೆ ಇನ್ನೊಂದನ್ನು ಹಾಕಿದರೆ ಬಯೋಸಿಗೂ ಕಾಣುವುದಿಲ್ಲ. ಕೊಳ್ಳುವ ಮೊದಲು ಕೇಳಿ ತಿಳಿದುಕೊಳ್ಳಿ.

ತೊಂದರೆಯ ಮೂಲ ಕಾಲದ ಅಂತರದಲ್ಲಿದೆ. ವಿಂಡೋಸ್ ಎಕ್ಸ್‌ಪಿ ಬಿಡುಗಡೆಯಾದದ್ದು 2001ರ ಅಕ್ಟೋಬರಿನಲ್ಲಿ. ಆಗ ಮನೆ, ಅಂಗಡಿಗಳ ಡಿಸ್ಕುಗಳು ಹೆಚ್ಚಾಗಿ ಅಗಲ ಪಟ್ಟಿಯಂಥ ಕೇಬಲ್ಲಿನ ಐಡಿಇ ಡಿಸ್ಕುಗಳು. ಸಾಟಾ ಬಂದದ್ದು 2003ರಲ್ಲಿ, ಅದನ್ನು ನಡೆಸುವ ಎಎಚ್‌ಸಿಐ ಎಂಬ ಪದ್ಧತಿ ಬಂದದ್ದು 2004ರಲ್ಲಿ. ಎಕ್ಸ್‌ಪಿಗೆ ತಾನು ಹುಟ್ಟುವ ಮೊದಲಿನ ಯಂತ್ರದ ಪರಿಚಯ ಇರಬಹುದು, ಹುಟ್ಟಿದ ಮೇಲೆ ಬಂದದ್ದರ ಪರಿಚಯ ಎಲ್ಲಿಂದ ಬರಬೇಕು? ವಿಸ್ಟಾದ ಕಾಲಕ್ಕೆ ವಿಂಡೋಸ್ ತಾನೇ ಎಎಚ್‌ಸಿಐ ಕಲಿತಿತ್ತು. 2009ರ ವಿಂಡೋಸ್ 7ಕ್ಕೂ ಅದು ಗೊತ್ತಿತ್ತು. ಅಷ್ಟರಲ್ಲಿ 2011ರಲ್ಲಿ ಎನ್‌ವಿಎಂಇ ಎಂಬ ಇನ್ನೂ ವೇಗದ ಪದ್ಧತಿ ಹುಟ್ಟಿತು, 7 ಹಿಂದೆ ಬಿತ್ತು. ವಿಂಡೋಸ್ 8.1 ಅದನ್ನೂ ಕಲಿತುಕೊಂಡು ಬಂತು. ಪ್ರತಿ ಸಲವೂ ಯಂತ್ರ ಒಂದು ಹೆಜ್ಜೆ ಮುಂದೆ.

‘ಹಾಗಾದರೆ ಹೊಸ ಯಂತ್ರಕ್ಕೆ ಹೊಸ ವಿಂಡೋಸ್ ಹಾಕಿ, ಹಳೆಯದನ್ನು ಯಾಕೆ ಹಾಕಬೇಕು?’ ಎಂದು ನೀವು ಕೇಳಬಹುದು. ಕನ್ನಡದವರಿಗೆ ಇದಕ್ಕೆ ಬಲವಾದ ಕಾರಣವಿದೆ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ನಮ್ಮ ಪಟ್ಟಣಗಳ ಡಿಟಿಪಿ ಅಂಗಡಿಗಳನ್ನು ನೀವೆಲ್ಲ ನೋಡಿದ್ದೀರಿ. ಮದುವೆಯ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ತಿಥಿ ಕಾರ್ಡು, ಹಾಲಿನ ಡೇರಿಯ ವಾರ್ಷಿಕ ವರದಿ, ಕವನ ಸಂಕಲನ ಎಲ್ಲವೂ ತಯಾರಾಗುವುದು ಅಲ್ಲೇ. ಅಲ್ಲಿನ ಕೆಲಸ ಬಹುಕಾಲ ನಡೆದದ್ದು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ಪ್ರೋಗ್ರಾಮಿನಲ್ಲಿ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ; ಅದಕ್ಕೆ ಯುನಿಕೋಡ್ ಬರುವುದಿಲ್ಲ. ಆದ್ದರಿಂದ ನುಡಿ, ಶ್ರೀಲಿಪಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳನ್ನೇ ಬಳಸುತ್ತಿದ್ದರು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳು ಕೂತಿರುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ಆ ಫೈಲನ್ನು ತೆರೆದರೆ ಓದಲಾಗದ ಚಿಹ್ನೆಗಳ ಸಾಲು ಬರುತ್ತದೆ. ಇಷ್ಟು ವರ್ಷಗಳ ಕೆಲಸವೆಲ್ಲ ಆ ರೂಪದಲ್ಲೇ ಉಳಿದಿದೆ; ಅದನ್ನು ತೆರೆಯಲು ಹಳೆಯ ಪೇಜ್‌ಮೇಕರೂ ಅದಕ್ಕೆ ಒಗ್ಗಿದ ಹಳೆಯ ವಿಂಡೋಸೂ ಬೇಕೆನಿಸುತ್ತದೆ. ಕಚೇರಿಗಳಲ್ಲೂ ಇದೇ ಕಥೆ. ಹಳೆಯ ನುಡಿಯಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಅದೇ ನುಡಿಯಲ್ಲೇ ತೆರೆಯಬೇಕು ಎಂಬ ಹಟ ಅಲ್ಲಿಯೂ ಇದೆ. ಹಟ ಎಂದೆ, ಆದರೆ ಅವರ ಮೇಲೆ ತಪ್ಪು ಹೊರಿಸುತ್ತಿಲ್ಲ. ಕೆಲಸ ನಿಲ್ಲಬಾರದು ಎಂಬ ಕಾಳಜಿ ಅದು.

ಇಂಥ ಒಂದು ಅಂಗಡಿಯಲ್ಲಿ ಹಳೆಯ ಸಿಸ್ಟಮ್ಮಿನ ಬೋರ್ಡ್ ಸುಟ್ಟಿತು. ಮಾಲೀಕರು ಹೊಸ ಸಿಸ್ಟಂ ತಂದು ಹಳೆಯ ಎಕ್ಸ್‌ಪಿ ಸಿಡಿ ಹಾಕಿದರು. ನೀಲಿ ಪರದೆ, ಕೆಳಗೆ ಓಡುವ ಬಿಳಿ ಅಕ್ಷರಗಳು, ಆಮೇಲೆ ಎಲ್ಲ ನಿಂತು 0x0000007B ಎಂಬ ಸಂಖ್ಯೆ. ‘ಅಣ್ಣ, ಹೊಸ ಸಿಸ್ಟಂ, ಹೊಸ ಡಿಸ್ಕು. ಆದ್ರೂ ಡಿಸ್ಕೇ ಸಿಕ್ತಿಲ್ಲ ಅಂತದಲ್ಲ?’ ಎಂದು ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದು. ಆ ಸಂಖ್ಯೆಗೆ ಅರ್ಥ ಇಷ್ಟೇ: ನಾನು ಎಲ್ಲಿಂದ ಏಳಬೇಕೋ ಆ ಡಿಸ್ಕನ್ನು ತಲುಪಲಾಗುತ್ತಿಲ್ಲ.

ಎಕ್ಸ್‌ಪಿಯಲ್ಲಿ ಇದಕ್ಕೊಂದು ದಾರಿ ಇಟ್ಟಿದ್ದರು. ಸಿಡಿಯಿಂದ ಎದ್ದ ಆರಂಭದಲ್ಲೇ ಪರದೆಯ ಅಡಿಯಲ್ಲಿ, ಬೇರೆ ಕಂಪನಿಯ ಡ್ರೈವರ್ ಹಾಕಬೇಕಿದ್ದರೆ ಎಫ್6 ಒತ್ತಿ ಎಂಬ ಸಾಲು ಕೆಲವೇ ಕ್ಷಣ ಮಿಂಚಿ ಹೋಗುತ್ತದೆ. ಒತ್ತಿದರೆ ತಕ್ಷಣ ಏನೂ ಆಗುವುದಿಲ್ಲ. ಎಷ್ಟೋ ಜನ ಅಲ್ಲೇ ಕೈಬಿಡುತ್ತಿದ್ದರು. ತಾಳ್ಮೆಯಿಂದ ಕಾದರೆ ಇನ್ನೊಂದು ಪರದೆ ಬರುತ್ತದೆ. ಅಲ್ಲಿ ಎಸ್ ಒತ್ತಿದರೆ ಡ್ರೈವರ್ ಇರುವ ಡಿಸ್ಕನ್ನು ಕೊಡಿ ಎಂದು ಕೇಳುತ್ತದೆ. ಅದು ಕೇಳುವುದು ಎ ಡ್ರೈವಿನ ಫ್ಲಾಪಿಯನ್ನು! ಪೆನ್‌ಡ್ರೈವನ್ನು ತೋರಿಸುವ ಆಯ್ಕೆಯೇ ಅಲ್ಲಿಲ್ಲ. ಫ್ಲಾಪಿಯೊಳಗೆ txtsetup.oem ಎಂಬ ಹೆಸರಿನ ಫೈಲ್ ಇರಬೇಕು, ಅದರ ಜೊತೆಗೆ ಕಂಟ್ರೋಲರ್ ತಯಾರಿಸಿದ ಕಂಪನಿಯ ಡ್ರೈವರ್ ಫೈಲುಗಳಿರಬೇಕು. ಫ್ಲಾಪಿ ಡ್ರೈವೇ ಇಲ್ಲದ ಕಾಲಕ್ಕೆ ಆ ದಾರಿ ಮುಚ್ಚಿಹೋಯಿತು. ಆಗ ಡ್ರೈವರನ್ನು ಸಿಡಿಯ ಒಳಗೇ ಬೆಸೆದು ಹೊಸ ಸಿಡಿ ಬರೆಯುವ ಎನ್‌ಲೈಟ್ ಎಂಬ ಸಾಧನ ರಿಪೇರಿಯವರ ಕೈ ಹಿಡಿಯಿತು. ಅದಕ್ಕಿಂತ ಸುಲಭದ ಉಪಾಯ ಬಯೋಸಿನಲ್ಲಿತ್ತು. ಸಾಟಾ ಮೋಡ್ ಎಂಬ ಕಡೆ ಎಎಚ್‌ಸಿಐ ತೆಗೆದು ಐಡಿಇ ಎಂದು ಇಟ್ಟರೆ ಹೊಸ ಡಿಸ್ಕ್ ಹಳೆಯದರ ವೇಷ ಹಾಕುತ್ತಿತ್ತು, ಎಕ್ಸ್‌ಪಿ ಒಪ್ಪಿಕೊಳ್ಳುತ್ತಿತ್ತು. ಈಚಿನ ಬೋರ್ಡುಗಳಲ್ಲಿ ಆ ಆಯ್ಕೆಯನ್ನೇ ತೆಗೆದಿದ್ದಾರೆ.

ಹಾಗಾಗಿ ಈಗ ಯಾರಾದರೂ ಹೊಸ ಯಂತ್ರಕ್ಕೆ ನೇರವಾಗಿ ಎಕ್ಸ್‌ಪಿ ಹಾಕಿಕೊಡಿ ಎಂದರೆ ನಾನು ಬೇಡ ಎನ್ನುತ್ತೇನೆ. ಹುಡುಕಿ ತಂದ ಡ್ರೈವರಿನಿಂದ ಡಿಸ್ಕ್ ಕಂಡೀತು. ಆಮೇಲೆ ಡಿಸ್‌ಪ್ಲೇಗೆ ಡ್ರೈವರಿಲ್ಲ, ನೆಟ್‌ವರ್ಕಿಗೆ ಇಲ್ಲ, ಯುಎಸ್‌ಬಿಗೆ ಇಲ್ಲ. ಮೇಲಾಗಿ 2014ರ ಏಪ್ರಿಲ್ 8ಕ್ಕೇ ಅದರ ಭದ್ರತಾ ಪರಿಷ್ಕರಣೆ ನಿಂತಿದೆ. ಬೇರೆ ಒಳ್ಳೆಯ ದಾರಿ ಇದೆ. ಹೊಸ ಯಂತ್ರಕ್ಕೆ ಹೊಸ ವಿಂಡೋಸನ್ನೋ ಲಿನಕ್ಸನ್ನೋ ಹಾಕಿ. ಅದರೊಳಗೆ ವರ್ಚುವಲ್‌ಬಾಕ್ಸ್ ಎಂಬ ಪ್ರೋಗ್ರಾಂ ಹಾಕಿ. ಅದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಕಟ್ಟಿಕೊಡುತ್ತದೆ. ಎಕ್ಸ್‌ಪಿಗೆಂದು ಕಟ್ಟಿದ ಆ ಒಳಗಿನ ಯಂತ್ರದಲ್ಲಿರುವುದು ಪಿಐಐಎಕ್ಸ್4 ಎಂಬ ಇಂಟೆಲ್ ಚಿಪ್ಪಿನ ಅಣಕು, 1990ರ ದಶಕದ ಐಡಿಇ ಕಂಟ್ರೋಲರ್. ಎಕ್ಸ್‌ಪಿಗೆ ಅದು ಬಲು ಹಳೆಯ ಪರಿಚಯ. ಎಫ್6 ಬೇಡ, ಫ್ಲಾಪಿ ಬೇಡ, ಯಾವ ಡ್ರೈವರೂ ಬೇಡ. ಡಿಸ್ಕ್ ತಾನಾಗಿ ಕಾಣುತ್ತದೆ. ಅದರೊಳಗೆ ನಿಮ್ಮ ಲೈಸೆನ್ಸಿನ ಎಕ್ಸ್‌ಪಿ, ಪೇಜ್‌ಮೇಕರ್, ನುಡಿ ಎಲ್ಲವನ್ನೂ ಕೂರಿಸಿ, ಅದರ ಇಂಟರ್ನೆಟ್ ಸಂಪರ್ಕವನ್ನು ಪೂರ್ತಿ ಕಿತ್ತುಬಿಡಿ. ಆ ಅಂಗಡಿಯಲ್ಲಿ ಮಾಡಿದ್ದು ಇದನ್ನೇ. ಹಳೆಯ ಲಗ್ನಪತ್ರಿಕೆಗಳು ತೆರೆದವು, ಅಕ್ಷರಗಳು ಜಾಗದಲ್ಲಿದ್ದವು. ಹೊಸ ಕೆಲಸವನ್ನು ಮಾತ್ರ ಯುನಿಕೋಡಿನಲ್ಲೇ ಮಾಡಿ, ಹಳೆಯದನ್ನು ಬಿಡುವಿದ್ದಾಗ ಪರಿವರ್ತಕದಿಂದ ಯುನಿಕೋಡಿಗೆ ತನ್ನಿ. ಎಕ್ಸ್‌ಪಿಯನ್ನು ಎಂದೆಂದಿಗೂ ಹೊತ್ತು ತಿರುಗಲಾಗದು. ಹಾಗೆಂದು ಅದರ ಋಣ ನಮ್ಮ ಮೇಲಿಲ್ಲ ಎನ್ನಲಾರೆ. ಕನ್ನಡದ ಯುನಿಕೋಡ್ ಅಕ್ಷರ ವಿಂಡೋಸಿನಲ್ಲಿ ಸರಿಯಾಗಿ ಮೂಡಿದ್ದು, ತುಂಗಾ ಫಾಂಟ್ ಜೊತೆಗೆ ಬಂದದ್ದು ಎಕ್ಸ್‌ಪಿಯಲ್ಲೇ.

ವಿಂಡೋಸ್ 7ರ ವಿಚಾರದಲ್ಲಿ ಚುಟುಕಾಗಿ ಹೇಳುತ್ತೇನೆ. ಅದರ ಇನ್‌ಸ್ಟಾಲರಿಗೆ ಎನ್‌ವಿಎಂಇ ಡಿಸ್ಕೂ ಗೊತ್ತಿಲ್ಲ, ಯುಎಸ್‌ಬಿ 3.0 ಕೂಡ ಗೊತ್ತಿಲ್ಲ. ಹೊಸ ಬೋರ್ಡಿನ ಮೇಲೆ ಅದನ್ನು ಹಾಕಲು ಹೋದರೆ ಮೊದಲ ಪರದೆಯಲ್ಲೇ ಮೌಸೂ ಕೀಬೋರ್ಡೂ ಸತ್ತಂತಾಗುತ್ತವೆ. ಮೈಕ್ರೋಸಾಫ್ಟ್ ಎನ್‌ವಿಎಂಇಗಾಗಿ ಕೆಬಿ2990941 ಎಂಬ ತೇಪೆ ಕೊಟ್ಟಿತ್ತು. ಅದನ್ನು ಇನ್‌ಸ್ಟಾಲರಿನೊಳಗೆ ಸೇರಿಸಿದರೆ ಡಿಸ್ಕ್ ಕಾಣುತ್ತದೆ. 2020ರ ಜನವರಿ 14ಕ್ಕೆ ಅದರ ಬೆಂಬಲವೂ ಮುಗಿದ ಮೇಲೆ ಅಷ್ಟು ಶ್ರಮ ಪಡಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

ಈಗ ಕಾಲೇಜಿಗೆ ಹೋಗುವ ಮಕ್ಕಳು ಕೇಳಬೇಕಾದ ಭಾಗ. ಹೊಸ ಲ್ಯಾಪ್‌ಟಾಪು, ಹೊಚ್ಚಹೊಸ ವಿಂಡೋಸ್ 11. ಆದರೂ ಖಾಲಿ ಪಟ್ಟಿ. ಇಂಟೆಲ್‌ನ 11ನೇ ತಲೆಮಾರಿನ ಪ್ರೊಸೆಸರಿನಿಂದ ಈಚೆಗೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇದು ಕಾಣುತ್ತದೆ. ಕಾರಣ ವಿಎಂಡಿ ಎಂಬ ಏರ್ಪಾಡು. ಅದು ಎನ್‌ವಿಎಂಇ ಡಿಸ್ಕನ್ನು ಪ್ರೊಸೆಸರಿನೊಳಗಿನ ಇನ್ನೊಂದು ಕಂಟ್ರೋಲರಿನ ಹಿಂದೆ ಇಡುತ್ತದೆ. ವಿಂಡೋಸಿಗೆ ಎನ್‌ವಿಎಂಇ ಚೆನ್ನಾಗಿ ಗೊತ್ತು, ಆದರೆ ಮುಂದೆ ನಿಂತಿರುವ ವಿಎಂಡಿಯನ್ನು ದಾಟಲು ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ, ಅಂದರೆ ಆರ್‌ಎಸ್‌ಟಿ ಡ್ರೈವರ್ ಬೇಕು. ಕಂಪನಿಯಿಂದ ಬಂದಾಗ ಅದು ಡಿಸ್ಕಿನಲ್ಲೇ ಇತ್ತು. ಫಾರ್ಮ್ಯಾಟ್ ಮಾಡಿದಾಗ ಅದೂ ಹೋಯಿತು. ಮೈಕ್ರೋಸಾಫ್ಟಿನಿಂದ ಇಳಿಸಿಕೊಂಡ ಪೆನ್‌ಡ್ರೈವಿನಲ್ಲಿ ಅದು ಇರದೆ ಹೋಗಬಹುದು.

ಮಾಡಬೇಕಾದ್ದನ್ನು ಬರೆದುಕೊಳ್ಳಿ. ಬೇರೆ ಕಂಪ್ಯೂಟರಿನಲ್ಲಿ ನಿಮ್ಮ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣಕ್ಕೆ ಹೋಗಿ, ಅಡಿಯಲ್ಲಿ ಅಂಟಿಸಿರುವ ಚೀಟಿಯ ಮಾದರಿ ಸಂಖ್ಯೆ ಕೊಟ್ಟು, ಸ್ಟೋರೇಜ್ ವಿಭಾಗದಿಂದ ಆರ್‌ಎಸ್‌ಟಿ ಡ್ರೈವರನ್ನು ಇಳಿಸಿಕೊಳ್ಳಿ. ಸಿಗುವುದು ಎಕ್ಸಿ ಫೈಲ್. ಅದನ್ನು ಹಾಗೆಯೇ ಪೆನ್‌ಡ್ರೈವಿಗೆ ಹಾಕಿದರೆ ಉಪಯೋಗವಿಲ್ಲ, ಏಕೆಂದರೆ ಇನ್‌ಸ್ಟಾಲರ್ ಹುಡುಕುವುದು ಐಎನ್‌ಎಫ್ ಎಂದು ಕೊನೆಯಾಗುವ ಫೈಲನ್ನು. ಅದನ್ನು ಬಿಚ್ಚಬೇಕು. ಇಂಟೆಲ್‌ನ ಸೆಟಪ್‌ಆರ್‌ಎಸ್‌ಟಿ ಫೈಲಾದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಅದರ ಹೆಸರು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್ ಎಂದು ಒಟ್ಟಾಗಿ ಬರೆದು, ಮುಂದೆ ಒಂದು ಫೋಲ್ಡರಿನ ಹೆಸರು ಕೊಟ್ಟರೆ ಒಳಗಿದ್ದ ಫೈಲುಗಳೆಲ್ಲ ಆ ಫೋಲ್ಡರಿಗೆ ಬರುತ್ತವೆ. ಲ್ಯಾಪ್‌ಟಾಪ್ ಕಂಪನಿಯ ಫೈಲುಗಳಲ್ಲಿ ಸಾಮಾನ್ಯವಾಗಿ ‘ಎಕ್ಸ್‌ಟ್ರಾಕ್ಟ್’ ಎಂಬ ಗುಂಡಿಯೇ ಇರುತ್ತದೆ. ಅಲ್ಲಿ iaStorVD.inf ಎಂಬ ಫೈಲ್ ಕಂಡರೆ ನೀವು ಸರಿಯಾದ ಕಡೆ ಇದ್ದೀರಿ. ಇಡೀ ಫೋಲ್ಡರನ್ನು ವಿಂಡೋಸ್ ಇರುವ ಪೆನ್‌ಡ್ರೈವಿಗೇ ಕಾಪಿ ಮಾಡಿ. ಖಾಲಿ ಪಟ್ಟಿ ಬಂದಾಗ ‘ಲೋಡ್ ಡ್ರೈವರ್’ ಒತ್ತಿ, ‘ಬ್ರೌಸ್’ ಒತ್ತಿ, ಆ ಫೋಲ್ಡರನ್ನು ತೋರಿಸಿ. ವಿಎಂಡಿ ಎಂಬ ಹೆಸರಿನ ಸಾಲು ಕಾಣುತ್ತದೆ. ಅದನ್ನು ಆರಿಸಿ ನೆಕ್ಸ್ಟ್ ಕೊಡಿ. ಕೆಲವು ಕ್ಷಣದಲ್ಲಿ ಪಟ್ಟಿ ತುಂಬುತ್ತದೆ. ಡ್ರೈವರುಗಳನ್ನು ಕಂಪನಿಯ ತಾಣ ಬಿಟ್ಟು ಬೇರೆಲ್ಲೂ ಇಳಿಸಬೇಡಿ. ಎಲ್ಲ ಡ್ರೈವರೂ ಒಂದೇ ಕಟ್ಟಿನಲ್ಲಿ ಎಂದು ಹೇಳಿಕೊಳ್ಳುವ ತಾಣಗಳಿಂದ ವೈರಸ್ ಬರುವ ಅಪಾಯವಿದೆ.

ಬಯೋಸಿನಲ್ಲಿ ವಿಎಂಡಿಯನ್ನೇ ಆಫ್ ಮಾಡಿಬಿಡುವ ಇನ್ನೊಂದು ದಾರಿಯೂ ಇದೆ. ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕುವವರಿಗೆ ಅದು ಸುಲಭ. ಆದರೆ ಇರುವ ವಿಂಡೋಸನ್ನು ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರು ಇಲ್ಲಿ ಬಹಳ ಹುಷಾರಾಗಿರಬೇಕು. ಹಾಗೆ ಹಾಕುವಾಗ ಉಬುಂಟು ಎಂಬ ಲಿನಕ್ಸ್ ತಾನಾಗಿಯೇ, ಈ ಯಂತ್ರದಲ್ಲಿ ಆರ್‌ಎಸ್‌ಟಿ ಇದೆ, ಅದನ್ನು ಆಫ್ ಮಾಡಿ ಬಾ ಎಂದು ಹೇಳುವುದುಂಟು. ಅದರ ಮಾತು ಕೇಳಿ ಬಯೋಸಿನಲ್ಲಿ ಥಟ್ಟನೆ ಬದಲಿಸಿದರೆ ಹಳೆಯ ವಿಂಡೋಸ್ ಏಳುವುದಿಲ್ಲ. ಎಕ್ಸ್‌ಪಿಯಲ್ಲಿ ಕಂಡ ಅದೇ ತೊಂದರೆ ಹೊಸ ರೂಪದಲ್ಲಿ ಬರುತ್ತದೆ. ಬದಲಿಸುವ ಮೊದಲು ವಿಂಡೋಸಿನಲ್ಲಿ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಎಂಬ ಹಾಳೆಯಲ್ಲಿ ಸೇಫ್ ಬೂಟ್‌ಗೆ ಗುರುತು ಹಾಕಿ. ಆಮೇಲೆ ಬಯೋಸಿಗೆ ಹೋಗಿ ವಿಎಂಡಿಯನ್ನು ಆಫ್ ಮಾಡಿ, ಸಾಟಾ ಮೋಡ್ ಇದ್ದರೆ ಎಎಚ್‌ಸಿಐಗೆ ಬದಲಿಸಿ. ಸೇಫ್ ಮೋಡಿನಲ್ಲಿ ಒಮ್ಮೆ ಎದ್ದರೆ ವಿಂಡೋಸ್ ತನಗೆ ಬೇಕಾದ ಡ್ರೈವರನ್ನು ತಾನೇ ಹಿಡಿದುಕೊಳ್ಳುತ್ತದೆ. ಮತ್ತೆ ಎಂಎಸ್‌ಕಾನ್ಫಿಗ್‌ಗೆ ಹೋಗಿ ಆ ಗುರುತನ್ನು ತೆಗೆಯಿರಿ. ಇದಕ್ಕೆಲ್ಲ ಮೊದಲು ಮಾಡಲೇಬೇಕಾದ್ದು ಎರಡು. ನಿಮ್ಮ ಖಾತೆಯ ಪೂರ್ತಿ ಪಾಸ್‌ವರ್ಡ್ ಗೊತ್ತಿರಲಿ, ಪಿನ್ ಸಾಲದು. ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ನಮಗೆ ತಿಳಿಯದಂತೆಯೇ ಡಿಸ್ಕಿಗೆ ಬೀಗ ಬಿದ್ದಿರುತ್ತದೆ. ಬಯೋಸ್ ಬದಲಾದ ಕೂಡಲೇ ಅದು ಕೀ ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿರುವುದು ಯಾರಿಗೂ ದಕ್ಕುವುದಿಲ್ಲ.

ಇನ್ನು ಇದರ ತಿರುವುಮುರುವು: ಹಳೆಯ ಯಂತ್ರ, ಹೊಸ ಆಪರೇಟಿಂಗ್ ಸಿಸ್ಟಂ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು, ಇಂಟೆಲ್ ಆದರೆ ಹೆಚ್ಚು ಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರೇ ಬೇಕು. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ, ಗ್ರಂಥಾಲಯದಲ್ಲಿ, ಸಹಕಾರ ಸಂಘದಲ್ಲಿ ಇರುವ ಎಷ್ಟೋ ಯಂತ್ರಗಳು ಆ ಗೆರೆಯ ಆಚೆಗೇ ಉಳಿದವು. ಅವುಗಳ ಕೈಕಾಲೆಲ್ಲ ಗಟ್ಟಿಯಾಗಿಯೇ ಇವೆ. ಇಂಥವಕ್ಕೆ ಲಿನಕ್ಸ್ ಹಾಕಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಡಿಸ್ಕಿನ ವಿಚಾರದಲ್ಲಿ ಲಿನಕ್ಸಿನ ರೀತಿಯೇ ಬೇರೆ. ಅಲ್ಲಿ ಡ್ರೈವರುಗಳು ತಿರುಳಿನ ಜೊತೆಗೇ ಬರುತ್ತವೆ. ಹಳೆಯ ಐಡಿಇಯಿಂದ ಹಿಡಿದು ಸಾಟಾ, ಎನ್‌ವಿಎಂಇ, ವಿಎಂಡಿವರೆಗೆ ಎಲ್ಲವೂ ಒಂದೇ ಮೂಟೆಯಲ್ಲಿವೆ. ಎನ್‌ವಿಎಂಇ ಡ್ರೈವರ್ ಅದರೊಳಗೆ ಸೇರಿದ್ದು 2012ರಲ್ಲೇ, ವಿಂಡೋಸ್ 8.1 ಬರುವ ಮೊದಲೇ. ಯಾರೋ ಬರೆದ ಡ್ರೈವರ್ ಒಮ್ಮೆ ಒಳಗೆ ಬಂದರೆ ಯಂತ್ರ ಹಳೆಯದಾಯಿತೆಂದು ಅದನ್ನು ಸುಲಭಕ್ಕೆ ಹೊರಗೆ ಹಾಕುವುದಿಲ್ಲ. ಕಂಪನಿ ಕೈಬಿಟ್ಟ ಯಂತ್ರವನ್ನೂ ಬಳಸುವವರು ಸಾಕುತ್ತಾರೆ. ಈ ಗುಣಕ್ಕಾಗಿ ನನಗೆ ಆ ಜನರ ಮೇಲೆ ತುಂಬ ಗೌರವ.

ಇನ್‌ಸ್ಟಾಲ್ ಮಾಡುವ ಮೊದಲು ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಡಿಸ್ಕಿನ ಒಂದು ಅಕ್ಷರವನ್ನೂ ಅದು ಮುಟ್ಟುವುದಿಲ್ಲ. ಟರ್ಮಿನಲ್ ತೆರೆದು lsblk ಎಂದು ಬರೆಯಿರಿ. ಸಾಟಾ ಡಿಸ್ಕಾದರೆ ಸಾಮಾನ್ಯವಾಗಿ sda ಎಂದೂ ಎನ್‌ವಿಎಂಇ ಆದರೆ nvme0n1 ಎಂದೂ ಕಾಣುತ್ತದೆ. ಕಾಣದಿದ್ದರೆ lspci -k ಎಂದು ಬರೆಯಿರಿ. ಬೋರ್ಡಿನ ಒಂದೊಂದು ಚಿಪ್ಪಿನ ಹೆಸರು, ಅದರ ಕೆಳಗೆ ಅದನ್ನು ಯಾವ ಡ್ರೈವರ್ ನಡೆಸುತ್ತಿದೆ ಎಂಬುದು ಬರುತ್ತದೆ. ಸ್ಟೋರೇಜ್ ಕಂಟ್ರೋಲರಿನ ಸಾಲಿನ ಕೆಳಗೆ ಡ್ರೈವರಿನ ಹೆಸರು ಇಲ್ಲದಿದ್ದರೆ ಎಡವಿದ್ದು ಎಲ್ಲಿ ಎಂದು ಗೊತ್ತಾಯಿತು. ಆ ಸಾಲು RAID ಎಂದು ಹೇಳುತ್ತಿದ್ದರೆ ಬಯೋಸಿನ ಮೋಡ್ ನೋಡಬೇಕು. ಚಿಪ್ಪು ತೀರಾ ಹೊಸದಾಗಿದ್ದರೆ ಇನ್ನೂ ಈಚಿನ ಆವೃತ್ತಿಯ ಲಿನಕ್ಸ್ ತರಬೇಕು. ಇಷ್ಟು ನೋಡಿಕೊಂಡು ರಿಪೇರಿಯವರ ಬಳಿ ಹೋದರೆ ಯಾರೂ ನಿಮಗೆ ಸುಮ್ಮನೆ ಹೊಸ ಡಿಸ್ಕ್ ಮಾರಲಾರರು.

ಲಿನಕ್ಸಿನಲ್ಲೂ ಕೈ ಬದಲಾಗುವ ಆ ಜಾಗ ಇದ್ದೇ ಇದೆ. ಡಿಸ್ಕನ್ನು ಓದುವ ಡ್ರೈವರ್ ಡಿಸ್ಕಿನಲ್ಲೇ ಇದ್ದರೆ ಅದನ್ನು ಓದುವುದು ಹೇಗೆ? ಅದಕ್ಕಾಗಿ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಕಟ್ಟನ್ನು ಮಾಡಿಡುತ್ತಾರೆ. ಬಯೋಸಿನ ನೆರವಿರುವಾಗಲೇ ಅದು ಮೆಮೊರಿಗೆ ಬಂದುಬಿಡುತ್ತದೆ, ಡ್ರೈವರ್ ಅದರಲ್ಲಿರುತ್ತದೆ. ಡೆಬಿಯನ್ ಎಂಬ ಲಿನಕ್ಸಿನಲ್ಲಿ ಆ ಕಟ್ಟಿನೊಳಗೆ ಬಹುಪಾಲು ಸ್ಟೋರೇಜ್ ಡ್ರೈವರುಗಳನ್ನು ಮೊದಲಿನಿಂದಲೇ ಸೇರಿಸಿರುತ್ತಾರೆ. ಹಾಗಾಗಿ ಬೋರ್ಡ್ ಸುಟ್ಟ ಯಂತ್ರದ ಡಿಸ್ಕನ್ನು ಕಿತ್ತು ಇನ್ನೊಂದಕ್ಕೆ ಹಾಕಿದರೂ ಸಾಮಾನ್ಯವಾಗಿ ಎದ್ದು ಕೂರುತ್ತದೆ. ಶಾಲೆಗಳಂಥ ಕಡೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದು ಅಲ್ಲಿನ ಮೇಷ್ಟ್ರುಗಳಿಗೆ ಗೊತ್ತು.

‘ಲಿನಕ್ಸ್ ಹಾಕಿದರೆ ಕನ್ನಡದ ಗತಿ ಏನು?’ ಎಂದು ಕೇಳುವವರಿದ್ದಾರೆ. ಡೆಬಿಯನ್ನಿನ ಚಿತ್ರರೂಪದ ಇನ್‌ಸ್ಟಾಲರಿನಲ್ಲಿ ಭಾಷೆಗಳ ಪಟ್ಟಿಯಲ್ಲಿ ಕನ್ನಡವೇ ಇದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳಿವೆ. ನುಡಿಯಲ್ಲಿ ಬೆರಳು ಪಳಗಿಸಿಕೊಂಡವರಿಗೆ ಕಗಪ ಕೀಲಿಮಣೆ ಜೊತೆಯಲ್ಲೇ ಬರುತ್ತದೆ. ನಾಡೋಜ ಕೆ.ಪಿ. ರಾವ್ ಅವರ ವಿನ್ಯಾಸದ ಫಲ ಅದು. ಹೊಸದಾಗಿ ಟೈಪಿಂಗ್ ಕಲಿಯಬೇಕಾಗಿಲ್ಲ. ಬೆಂಗಳೂರಿನ ಒಂದು ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರವನ್ನು ಅಲ್ಲಿನ ಯುವಕರು ಸ್ವತಂತ್ರ ತಂತ್ರಾಂಶದಿಂದಲೇ ನಡೆಸಿ ಮಕ್ಕಳಿಗೆ ಕಲಿಸಿದ್ದಾರೆ. ಅವರಿಂದಾದದ್ದು ನಮ್ಮ ಊರುಗಳಿಂದಲೂ ಆಗುತ್ತದೆ.

ಕೊನೆಯದಾಗಿ ಟಿ. ನರಸೀಪುರ, ನಂಜನಗೂಡಿನ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಅಣ್ಣತಮ್ಮಂದಿರಲ್ಲಿ ಒಂದು ಮನವಿ. ಡಿಸ್ಕ್ ಕಾಣಲಿಲ್ಲವೆಂದು ‘ಇನಿಶಿಯಲೈಸ್’ ಅನ್ನೂ ‘ಫಾರ್ಮ್ಯಾಟ್’ ಅನ್ನೂ ಒತ್ತಬೇಡಿ. ಮೊದಲು ಬಯೋಸ್ ನೋಡಿ, ಆಮೇಲೆ ಲಿನಕ್ಸಿನ ಪೆನ್‌ಡ್ರೈವಿನಿಂದ ಎಬ್ಬಿಸಿ ನೋಡಿ. ಒಳಗಿರುವುದನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡ ಮೇಲೆಯೇ ಕೈ ಹಾಕಿ. ಬಯೋಸಿನಲ್ಲಿ ಏನು ಬದಲಿಸಿದಿರೋ ಅದನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಮೇಲೆ ಅಂಟಿಸಿ. ಡಿಸ್ಕ್ ನಿಜಕ್ಕೂ ಹೋಗಿದ್ದರೆ ಆ ಹಳೆಯ ಡಿಸ್ಕನ್ನು ಮಾಲೀಕರ ಕೈಗೇ ಕೊಡಿ, ಅದು ಅವರದು.